ಐಎಎಸ್ ಆಂಟಿ

ನಿವೃತ್ತಳಾಗಿ ಎರಡು ವರ್ಷವಾದ ಮೇಲೆ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು. ಕಾಲೇಜು ಮಕ್ಕಳಿಗೆ ಸಿವಿಲ್ ಸರ್ವಿಸ್ ಪರೀಕ್ಷೆ, ಸರ್ಕಾರಿ ಕೆಲಸಗಳ ಬಗ್ಗೆ ಒಂದು ಗಂಟೆ ಮಾತಾಡಬೇಕಂತೆ. ಭಾನುವಾರ ಬೆಳಿಗ್ಗೆ, ದ್ವಾರಕಾದ ನಮ್ಮದೇ ಸೊಸೈಟಿಯ ಹಾಲ್‌ನಲ್ಲಿ, ಉಪ್ಪಿಟ್ಟು ಕಾಫಿ ಸಮೇತ. ಲಿಫ್ಟ್ ಇಳಿದರೆ ಹಾಲ್. ಒಪ್ಪಿಕೊಂಡೆ.

ದೆಹಲಿಯ ನಮ್ಮ ಕನ್ನಡಿಗರಲ್ಲಿ ಒಂದು ರೂಢಿಯಿದೆ. ಮಂತ್ರಾಲಯದಲ್ಲಿ ಕುರ್ಚಿ ಇದ್ದವರೆಲ್ಲ ಅವರ ಲೆಕ್ಕದಲ್ಲಿ ಐಎಎಸ್. ಊರಿನ ನೆಂಟರಿಗೆ ಹಾಗೇ ಪರಿಚಯಿಸುತ್ತಾರೆ, ಮದುವೆಗಳಲ್ಲಿ ಮುಂದಿನ ಸಾಲಿಗೆ ಕರೆದು ಕೂರಿಸುತ್ತಾರೆ. ನಾನು ಆ ಪರೀಕ್ಷೆಯನ್ನು ನಾಲ್ಕು ಸಲ ಬರೆದು ನಾಲ್ಕು ಸಲವೂ ಡುಮ್ಕಿ ಹೊಡೆದವಳು. ಸಹಾಯಕರ ಹುದ್ದೆಯ ಪರೀಕ್ಷೆ ಪಾಸಾಗಿ ಕೆಲಸಕ್ಕೆ ಸೇರಿ, ಬಡ್ತಿಯ ಮೇಲೆ ಬಡ್ತಿ ಸಿಕ್ಕಿ ಅಧೀನ ಕಾರ್ಯದರ್ಶಿಯಾಗಿ ನಿವೃತ್ತಳಾದೆ. ಜನ ಐಎಎಸ್ ಎಂದಾಗ ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟೆ. ತಿದ್ದಿ ತಿದ್ದಿ ಸಾಕಾಯಿತು ಎಂದು ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಕೇಳಲು ಹಿತವಾಗಿತ್ತು.

ಭಾನುವಾರ ಕಾರ್ಯದರ್ಶಿಗಳು ಮೈಕ್ ಹಿಡಿದು, "ನಮ್ಮ ಹೆಮ್ಮೆಯ ನಿವೃತ್ತ ಐಎಎಸ್ ಅಧಿಕಾರಿ" ಎಂದೇ ಶುರು ಮಾಡಿದರು. ಕಚೇರಿಯಲ್ಲಿ ನಮಗೆ ಒಂದು ಅಭ್ಯಾಸ. ಸಭೆಯಲ್ಲಿ ಮುಖ್ಯರಾದವರು ತಪ್ಪು ಹೇಳಿದರೆ ಬಾಯಿಬಿಟ್ಟು ತಿದ್ದುವಂತಿಲ್ಲ, ಚೀಟಿ ಬರೆದು ಮುಂದಕ್ಕೆ ಸರಿಸಬೇಕು. ಅದರಂತೆ 'ಐಎಎಸ್ ಅಲ್ಲ, ದಯವಿಟ್ಟು ತಿದ್ದಿ' ಎಂದು ಬರೆದು ಕೊಟ್ಟೆ. ಅವರು ಕನ್ನಡಕ ತಡಕಿ, ಸಿಗದೆ, ಚೀಟಿಯನ್ನು ಜೇಬಿಗಿಟ್ಟು ನನಗೆ ಕೈಮುಗಿದರು. ನನ್ನ ಜವಾಬ್ದಾರಿ ಮುಗಿಯಿತು ಎಂದುಕೊಂಡು ಭಾಷಣ ಶುರು ಮಾಡಿದೆ. ಎಂಥ ಭಂಡತನ!

ಯಾವ ಯಾವ ಸೇವೆಗಳಿವೆ, ಪ್ರಿಲಿಮ್ಸ್ ಎಂದರೇನು, ಮೇನ್ಸ್ ಎಂದರೇನು, ದಿನಪತ್ರಿಕೆ ಹೇಗೆ ಓದಬೇಕು, ಎಲ್ಲ ಹೇಳಿದೆ. ಮುಗಿಸುವಷ್ಟರಲ್ಲಿ ಒಬ್ಬ ಹುಡುಗಿ ಎದ್ದಳು. ಕೊಡಗಿನವಳು. ತಂದೆ ಸೈನ್ಯದಲ್ಲಿ, ಮನೆ ಘಾಜಿಯಾಬಾದಿನಲ್ಲಿ. ತಾಯಿಯ ಜತೆ ಮೆಟ್ರೋದಲ್ಲಿ ಬಂದಿದ್ದಳು.

"ಆಂಟಿ, ನಂದು ಡಿಗ್ರಿ ಆಯ್ತು. ಪಪ್ಪಾ ಎರಡು ವರ್ಷದಲ್ಲಿ ರಿಟೈರ್ ಆಗ್ತಾರೆ, ಫಿರ್ ಎಲ್ರೂ ಮಡಿಕೇರಿಗೆ ವಾಪಸ್. ನಂಗೆ ಜಾಬ್ ಇದ್ರೆ ಮಾತ್ರ ಇಲ್ಲಿರಕ್ಕೆ ಬಿಡ್ತಾರೆ. ಸಹಾಯಕರ ಪೋಸ್ಟ್ ಫಾರ್ಮ್‌ಗೆ ಇವತ್ತೇ ಲಾಸ್ಟ್ ಡೇಟ್. ಕೋಚಿಂಗ್ ಸರ್ ಹೇಳ್ತಾರೆ, ಛೋಟಾ ಎಕ್ಸಾಮ್ ಬರೆದ್ರೆ ಛೋಟಾನೇ ಯೋಚ್ನೆ ಮಾಡ್ತೀಯಾ ಅಂತ. ನೀವು ಐಎಎಸ್ ಆಗೋಕ್ ಮೊದ್ಲು ಅದನ್ನೂ ಬರ್ದಿದ್ರಾ?"

ಇದನ್ನು ಚೀಟಿಯಲ್ಲಿ ಮುಂದಕ್ಕೆ ಸರಿಸುವಂತಿರಲಿಲ್ಲ. "ಬರೆದಿದ್ದೆ ಮಗಳೇ, ಅದೊಂದರಲ್ಲೇ ಪಾಸಾದದ್ದು. ನಾನು ಐಎಎಸ್ ಅಲ್ಲ, ಯಾವತ್ತೂ ಆಗಿರಲಿಲ್ಲ. ಆ ಕೆಲಸ ಸಿಗದೇ ಇದ್ದಿದ್ರೆ ದೆಹಲಿಯಲ್ಲಿ ಇರ್ತಾನೇ ಇರಲಿಲ್ಲ. ಫಾರ್ಮ್ ತುಂಬು, ಇವತ್ತೇ."

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಕಾರ್ಯದರ್ಶಿಗಳ ಮುಖ ಇಂಗು ತಿಂದ ಮಂಗನಂತಾಯಿತು. ಮಕ್ಕಳ ಜತೆ ಬಂದಿದ್ದ ಇಬ್ಬರು ಅಪ್ಪಂದಿರು ಕಾಫಿಗೆಂದು ಎದ್ದೇಬಿಟ್ಟರು. ನನಗೆ ನಾಚಿಕೆಯಾಯಿತು, ಜತೆಗೆ ಕೋಪವೂ ಬಂತು. ಆ ಕೋಪ ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಹುಡುಗಿ ಮಾತ್ರ ಮೊಬೈಲ್ ಹಿಡಿದು ಪಕ್ಕಕ್ಕೆ ಬಂದು ಕೂತಳು. ಉಪ್ಪಿಟ್ಟು ಆರುವಷ್ಟರಲ್ಲಿ ಇಬ್ಬರೂ ಸೇರಿ ಫಾರ್ಮ್ ತುಂಬಿದೆವು. ಫೋಟೋ ಎರಡು ಸಲ ತಿರಸ್ಕೃತವಾಗಿ ಮೂರನೆಯ ಸಲ ಹತ್ತಿತು. "ಹೋ ಗಯಾ!" ಎಂದು ಅವಳು ನನ್ನ ಕೈ ಹಿಡಿದುಕೊಂಡಳು.

ಪಕ್ಕದಲ್ಲಿ ನಿಂತಿದ್ದ ಅವಳ ತಾಯಿ ಆಗ ಹೇಳಿದರು. "ನನ್ನ ತಮ್ಮ ನಿಮ್ಮ ಆರ್.ಕೆ.ಪುರಂ ಕ್ವಾರ್ಟರ್ಸಿಗೆ ಬಂದಿದ್ದ ಮೇಡಂ, ಹತ್ತು ಹನ್ನೆರಡು ವರ್ಷ ಆಯ್ತು. ಇದೇ ಮಾತು ಕೇಳೋಕೆ. ಐಎಎಸ್ ಮೇಡಂ ಹೇಳಿದ್ದಾರೆ, ದೊಡ್ಡದನ್ನೇ ಬರೀಬೇಕಂತೆ ಅಂದ. ಬೇರೆ ಯಾವುದೂ ಬರೀಲಿಲ್ಲ. ಆರು ಸಲ ಬರೆದ."

ದೂರುವ ದನಿಯೇ ಇರಲಿಲ್ಲ. ಈಗೇನು ಮಾಡುತ್ತಿದ್ದಾನೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆಗ ಮನೆಗೆ ಹಾಗೆ ಬರುತ್ತಿದ್ದ ಹುಡುಗರು ಬಹಳ. ಎಲ್ಲರಿಗೂ ಟೀ ಕೊಟ್ಟು, ದೊಡ್ಡದನ್ನೇ ಬರೆಯಿರಿ ಎಂದೇ ಹೇಳಿದ್ದೇನೆ. ಅವರಲ್ಲಿ ಅವನು ಯಾರು ಎಂದು ನನಗೆ ನೆನಪೇ ಇಲ್ಲ.