ಬೆಟ್ಟಮ್ಮ ಕುದಿಸದೆ ಬಿಟ್ಟ ಸೀರೆ

ಬೆಳಗಿನ ಐದು ಗಂಟೆ. ಹಾಸನ ಸೀಮೆಯ ಹೆರಿಗೆ ಆಸ್ಪತ್ರೆಯೊಂದರ ಹಿತ್ತಲಲ್ಲಿ ಬೆಟ್ಟಮ್ಮ ಹಂಡೆಯ ಒಲೆಗೆ ಸೌದೆ ತುರುಕುತ್ತಿದ್ದಾರೆ. ಹಂಡೆಯಲ್ಲಿ ನಲವತ್ತು ಹಾಸುಬಟ್ಟೆ, ಪಕ್ಕದ ಪಾತ್ರೆಯಲ್ಲಿ ಇಂಜೆಕ್ಷನ್ ಸೂಜಿ. "ಅಡ್ಡ ನಿಂತ್ಕಬ್ಯಾಡಿ, ಅತ್ಲಾಗ್ ಸರ್ಕಳಿ ಸಾ" ಎಂದು ಪತ್ರಿಕೆಗೆ ಬರೆಯಲು ಬಂದ ನನ್ನನ್ನೂ ಗದರುತ್ತಾರೆ. ಗದರಿಸಿಕೊಂಡು ನನಗೆ ಖುಷಿಯೇ ಆಗುತ್ತದೆ.

ಹರದನಹಳ್ಳಿಯ ಬೆಟ್ಟಮ್ಮ ಗಂಡ ತೀರಿಕೊಂಡ ಮೇಲೆ ಇಲ್ಲಿ ಆಯಾ ಆಗಿ ಹನ್ನೊಂದು ವರ್ಷ. ದಿನಕ್ಕೆ ಅರವತ್ತು ಕೊಡ ನೀರು ಸೇದುತ್ತಾರೆ. ಡಾಕ್ಟರ ಹೆಸರು ಊರಿಗೆಲ್ಲ ಗೊತ್ತು. ಈಕೆಯ ಹೆಸರು ಕೇಳಿದವರಿಲ್ಲ. ಸಿಟ್ಟು ಬರುತ್ತದೆ, ನೋಡಿ.

ಹೋದ ವರ್ಷ, ೧೯೬೧ರಲ್ಲಿ, ಇಲ್ಲಿನ ಎಳೆಗೂಸುಗಳ ಮೈಮೇಲೆ ಕೀವುಗುಳ್ಳೆ ಎದ್ದವು. ಪೆನಿಸಿಲಿನ್ ಚುಚ್ಚಿದರೂ ಜಗ್ಗಲಿಲ್ಲ. ರೋಗಾಣು ಮದ್ದಿಗೇ ಒಗ್ಗಿಹೋಗಿದೆ ಎಂದರು ಡಾಕ್ಟರು ಷಡಕ್ಷರಿ. ಒಂಬತ್ತು ಕೂಸುಗಳಿಗೆ ಸುಡುಜ್ವರ. ಕಟ್ಟಾಯದ ಶಾಂತಕುಮಾರಿಯ ಮಗು ಹಾಲು ಕುಡಿಯುವುದನ್ನೇ ಬಿಟ್ಟಿತು.

"ಮೂರ್ ದಿನಕ್ಕೆ ಮನೆಗ್ ಓದ ಕೂಸ್ಗಳಿಗೆ ಏನೂ ಆಗ್ಲಿಲ್ಲ. ಎಂಟತ್ ದಿನ ಇದ್ದೋವ್ಕೇ ಜಾಸ್ತಿ. ಆದ್ರೆ ಮೂಲೆ ಮಂಚದ ಕೂಸು ಅನ್ನೆಲ್ಡು ದಿನ ಇದ್ರೂ ಮೈ ಬೆಣ್ಣೆ ಅಂಗಿತ್ತು! ಯಾಕೆ ಅಂತ ತಲೆ ಕೆಡ್ತು ಕಣ್ ಸಾ" ಎನ್ನುತ್ತಾರೆ ಬೆಟ್ಟಮ್ಮ.

ಆ ಕೂಸಿನ ತಾಯಿ ಒಂದೇ ಒಂದನ್ನು ಬೇಡವೆಂದಿದ್ದಳು: ಸುವರ್ಣಮ್ಮ ಎಂಬಾಕೆ ಆಸ್ಪತ್ರೆಗೆ ಕೊಟ್ಟಿದ್ದ ಹಳೇ ಮೆತ್ತನೆ ಸೀರೆ. ಹೆತ್ತ ಎಂಟೂ ಮಕ್ಕಳು ಉಳಿದ ತಾಯಿಯ ಸೀರೆ ಅದು. ಅದರಲ್ಲಿ ಸುತ್ತಿದರೆ ಕೂಸು ಗಟ್ಟಿಯಾಗುತ್ತದೆಂಬ ನಂಬಿಕೆ. ದಿನಾ ನೀರು ಹಾಕಿದ ಮೇಲೆ ಬೆಟ್ಟಮ್ಮನೇ ಸರದಿಯಂತೆ ಎಲ್ಲ ಕೂಸುಗಳನ್ನೂ ಅದರಲ್ಲಿ ಸುತ್ತುತ್ತಿದ್ದರು. ಎಲ್ಲವನ್ನೂ ಕುದಿಸುವವರು ಅದೊಂದನ್ನು ಮಾತ್ರ ಬಿಸಿಲಿಗೆ ಹಾಕಿ ಮಡಚಿಡುತ್ತಿದ್ದರು.

"ಕುದಿಸಿದ್ರೆ ಅದ್ರ ಗುಣ ಓಯ್ತದೆ ಅನ್ಕಂಡಿದ್ದೆ ಸಾ."

ಒಂದು ಕೂಸಿನ ಕೀವು ಆ ಸೀರೆಯಿಂದಲೇ ಇನ್ನೊಂದಕ್ಕೆ ಹತ್ತುತ್ತಿದೆ ಎಂದು ಅವರಿಗೆ ಹೊಳೆಯಿತು. ಕೆಲಸ ಹೋದೀತೆಂದು ಗೊತ್ತಿದ್ದೂ ಸೀರೆ ಹಿಡಿದು ಡಾಕ್ಟರ ಮುಂದೆ ನಿಂತರು. ಡಾಕ್ಟರು ಚೆನ್ನಾಗಿಯೇ ಬೈದರು. ಪುಣ್ಯಕ್ಕೆ ಕೆಲಸದಿಂದ ತೆಗೆಯಲಿಲ್ಲ. ಸೀರೆ ಒಲೆ ಸೇರಿತು. ಒಂದೊಂದು ಕೂಸಿಗೂ ಬೇರೆ ಬಟ್ಟೆ ಬಂತು, ಮುಟ್ಟುವ ಮುನ್ನ ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಬೇಕಾಯಿತು. ಮೈಸೂರಿನಿಂದ ಬೇರೆ ಮದ್ದು ತರಿಸಿದರು. ಹೊಸ ಕೂಸುಗಳಿಗೆ ಗುಳ್ಳೆ ಏಳಲಿಲ್ಲ. ಸದ್ಯ, ಆ ಒಂಬತ್ತೂ ಉಳಿದವು!

ಹೆಸರು ಬದಲಿಸಿ ಬರೆಯಲೇ ಎಂದು ಕೇಳುತ್ತೇನೆ. ಬೆಟ್ಟಮ್ಮ ನನ್ನನ್ನೇ ದಿಟ್ಟಿಸುತ್ತಾರೆ.

"ಬ್ಯಾಡಿ ಸಾ, ಬೆಟ್ಟಮ್ಮನೇ ಮಾಡಿದ್ದು ಅಂತ ಬರೀರಿ. ಅರಕಲಗೂಡು, ಚನ್ನರಾಯಪಟ್ಣದ ಆಯಾದೀರು ಯಾರ್ ಕೈಲಾದ್ರೂ ಓದಿಸ್ಕಂಡು ಕೇಳ್ಲಿ. ಅವ್ರ ತಾವೂ ಇಂಥದೊಂದು ಸೀರೆ ಇದ್ದೇ ಇರ್ತದೆ."