ಅಕ್ಕನ ತಲೆನೋವಿನ ಬಗ್ಗೆ ನಾನು ಆಡಿದ ಮಾತು

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ, ಮಾರೇನಹಳ್ಳಿಯ ನಮ್ಮ ಮನೆಯಲ್ಲಿ ದೋಸೆ ತಿನ್ನುತ್ತಿದ್ದ ನನ್ನ ಹದಿಮೂರು ವರ್ಷದ ಮಗಳು, "ಅಪ್ಪಾ, ನಿನ್ನ ಮುಖ ಅರ್ಧ ಕಾಣ್ತಿಲ್ಲ" ಎಂದಳು. ತಮಾಷೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವಳ ಬೆರಳಿನಿಂದ ದೋಸೆಯ ಚೂರು ಜಾರಿತು, ಬಲಗೈ ಇಳಿಬಿತ್ತು, ಮಾತು ತೊದಲಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಲೆ ಹಿಡಿದುಕೊಂಡು ಅಳುತ್ತಿದ್ದಳು. ಕಣ್ಣಿಗೆ ಬೆಳಕು ಬೀಳದಂತೆ ನನ್ನ ಹೆಂಡತಿ ತನ್ನ ದುಪಟ್ಟಾ ಹೊದಿಸಿದ್ದಳು.

ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಸಂಜೆಗೆ ಕೈ ಆಡತೊಡಗಿತು. ನರರೋಗದ ಡಾಕ್ಟರು, ಸಮಾಧಾನದ ಹೆಂಗಸು, ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಲಕ್ವ ಅಲ್ಲ ಸಾರ್, ಇದೂ ಮೈಗ್ರೇನೇ. ನರಕೋಶದ ಗೋಡೆಯಲ್ಲಿ ತೀರಾ ಸಣ್ಣ ಬಾಗಿಲುಗಳಿರ್ತವೆ, ಅಯಾನ್ ಚಾನೆಲ್ ಅಂತೀವಿ. ಕ್ಯಾಲ್ಸಿಯಂ, ಸೋಡಿಯಂ ಎಲ್ಲ ಒಳಗೆ ಹೋಗೋದು ಅದರಲ್ಲೇ. ಇವಳಿಗೆ ಆ ಬಾಗಿಲು ಸ್ವಲ್ಪಕ್ಕೇ ತೆರ್ಕೊಳ್ತಾ ಇರಬಹುದು. ಆಗ ಮೆದುಳಿನ ಮೇಲೆ ಒಂದು ಅಲೆ ನಿಧಾನಕ್ಕೆ ಹರಡುತ್ತೆ. ಅದು ಹೋದ ಕಡೆಯೆಲ್ಲ ಕೆಲಸ ನಿಲ್ಲುತ್ತೆ, ಅದಕ್ಕೇ ಕೈ ಬಿದ್ದಿದ್ದು. ಆಮೇಲೆ ನೋವಿನ ನರಗಳು ಕೆರಳ್ತವೆ." ಪೆನ್ನು ಕೆಳಗಿಟ್ಟು ಕೇಳಿದರು: "ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಆಗಿತ್ತಾ?"

ಹೆಂಡತಿ ಇಲ್ಲ ಎಂದು ತಲೆಯಾಡಿಸಿದಳು. ನಾನು, "ನಮ್ಮಕ್ಕನಿಗೆ" ಎಂದೆ.

ಅಕ್ಕನಿಗೆ ಹತ್ತನೇ ತರಗತಿಯ ಪರೀಕ್ಷೆಯ ದಿನ ಹೀಗೇ ಕೈ ಬಿದ್ದು ತಲೆ ಸಿಡಿದಿತ್ತು. ಓದಿಲ್ಲ, ಅದಕ್ಕೇ ನಾಟಕ ಎಂದು ಅಪ್ಪ ಬೈದಿದ್ದರು. ಮದುವೆಯಾಗಿ ಶ್ರೀಗಂಧದ ಕಾವಲಿನ ಅತ್ತೆಮನೆಗೆ ಹೋದ ಮೇಲೆ ಅವಳ ಗಂಡನ ಅಣ್ಣನ ಮನೆಯ ಗೃಹಪ್ರವೇಶದಲ್ಲಿ, ಬಡಿಸುತ್ತಿದ್ದ ಪಾಯಸದ ಬಕೆಟ್ಟನ್ನು ಪಂಕ್ತಿಯ ನಡುವೆ ಬೀಳಿಸಿದಳು. ಹಾಗೇ ಗೋಡೆಗೊರಗಿ ಕುಸಿದಳು. ಅತ್ತೆಮನೆಯವರು ಮೈಗಳ್ಳತನ ಎಂದರು. ಅವಳ ಗಂಡ ನನ್ನನ್ನು ಪಕ್ಕಕ್ಕೆ ಕರೆದು, "ಇವಳಿಗೆ ಮುಂಚೆಯಿಂದ ಹಿಂಗೇನಾ? ನಿಜ ಹೇಳಪ್ಪಾ" ಎಂದರು.

"ಪರೀಕ್ಷೆ ಬಂದಾಗಲೂ ಹಿಂಗೇ ಮಾಡ್ತಿದ್ಲು ಭಾವ" ಎಂದೆ ನಾನು. ಆಗ ನನಗೆ ಇಪ್ಪತ್ತಾರು. ನೆಂಟರೆದುರು ನಾಚಿಕೆಯಾಗಿತ್ತು, ಅಷ್ಟೇ.

ಆ ಮಾತನ್ನು ಆ ಮನೆಯಲ್ಲಿ ವರ್ಷಗಟ್ಟಲೆ ಅವಳೆದುರು ಆಡಿದರಂತೆ, ನಿನ್ನ ತಮ್ಮನೇ ಹೇಳಿದ್ದಾನಲ್ಲ ಅಂತ. ಅವಳು ನೋವು ಬಂದರೂ ಹೇಳುವುದನ್ನೇ ಬಿಟ್ಟಳು. ಕೊನೆಗೆ ಆ ಮನೆಯನ್ನೂ ಬಿಟ್ಟು, ಮಲ್ಲತ್ತಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡು, ಸೀರೆಗೆ ಫಾಲ್ ಹೊಲಿದು ಬದುಕುತ್ತಿದ್ದಾಳೆ. ಹಬ್ಬಕ್ಕೆ ಕರೆದರೆ ಬರುತ್ತಾಳೆ, ಉಂಡು ಹೋಗುತ್ತಾಳೆ.

ಆಸ್ಪತ್ರೆಯ ಕಾರಿಡಾರಿನಿಂದಲೇ ಅಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೇಳಿದಳು: "ಮಗೂನ ಯಾರೂ ಬೈದಿಲ್ಲ ತಾನೇ?"

"ಇಲ್ಲ ಅಕ್ಕ."

"ಸರಿ. ರೂಮಲ್ಲಿ ಲೈಟ್ ಹಾಕ್ಬೇಡಿ."

ಡಾಕ್ಟರು ಮಗಳ, ಅಕ್ಕನ, ನನ್ನ ರಕ್ತವನ್ನು ವಂಶವಾಹಿ ಪರೀಕ್ಷೆಗೆ ಕಳಿಸಿದ್ದರು; ವಾರಗಳ ನಂತರ ರಿಪೋರ್ಟ್ ಬಂತು. ಮಗಳಲ್ಲೂ ಅಕ್ಕನಲ್ಲೂ ಅದೇ ಕ್ಯಾಲ್ಸಿಯಂ ಚಾನೆಲ್‌ನ ದೋಷ. ನನ್ನಲ್ಲೂ ಇತ್ತು. ನನಗೆ ಒಂದು ದಿನವೂ ತಲೆ ನೋಯದೆ, ನನ್ನಿಂದ ಮಗಳಿಗೆ ದಾಟಿತ್ತು. ಕೆಲವರಲ್ಲಿ ಹಾಗೂ ಇರುತ್ತದೆ ಎಂದರು ಡಾಕ್ಟರು.

ರಿಪೋರ್ಟ್ ಹಿಡಿದುಕೊಂಡು ಮಲ್ಲತ್ತಹಳ್ಳಿಗೆ ಹೋದೆ. ಅಕ್ಕ ಹೊಲಿಗೆ ನಿಲ್ಲಿಸಿ, ಅರ್ಥವಾಗದ ಆ ಇಂಗ್ಲಿಷ್ ಹಾಳೆಯನ್ನು ಎರಡು ಸಲ ತಿರುವಿದಳು. ಅವಳ ಹೆಸರಿದ್ದ ಜಾಗವನ್ನು ತೋರಿಸಿದೆ.

"ಭಾವನ ಹತ್ರ ನಾನೇ ಹೋಗಿ ಹೇಳ್ತೀನಿ ಅಕ್ಕ. ತಪ್ಪಾಯ್ತು ಅಂತ."

"ಬೇಡ ಕಣೋ. ಅವರಿಗೆ ಈಗ ಗೊತ್ತಾಗಿ ಏನಾಗ್ಬೇಕು?" ಎಂದಳು. ನನ್ನ ಆ ಮಾತಿನ ಬಗ್ಗೆ ಏನಾದರೂ ಹೇಳಲಿ ಎಂದು ಕಾದೆ. ಅವಳು ಮತ್ತೆ ಹೊಲಿಗೆಗೆ ಕೂತಳು.

ಮಗಳಿಗೆ ಈಗ ದಿನಾ ಮಾತ್ರೆ ಇದೆ. ಆದರೂ ತಿಂಗಳಿಗೊಮ್ಮೆ ನೋವು ಬರುತ್ತದೆ. ಆಗ ಅವಳು ಕರೆಯುವುದು ಅತ್ತೆಯನ್ನೇ. ಅಕ್ಕ ಆಟೋದಲ್ಲಿ ಬಂದು, ಚಪ್ಪಲಿ ಬಿಟ್ಟು, ಸೀದಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ನಾನು ಹೊರಗೆ ಕುಳಿತಿರುತ್ತೇನೆ.