ಲಾಡಸಾಬ ಕಾಕಾನ ಸುಣ್ಣದ ಚುಕ್ಕೆಗಳು

ಗಜೇಂದ್ರಗಡದ ಮಗ್ಗದ ಶೆಡ್ಡಿಗೆ ಕಂಪ್ಯೂಟರ್ ಆಪರೇಟರ್ ಎಂದು ಸೇರಿದ ಎರಡನೇ ತಿಂಗಳಲ್ಲಿ ನಾನು ಅಮಾವಾಸ್ಯೆಯನ್ನು ಎರಡು ದಿನ ಮುಂದಕ್ಕೆ ಹಾಕಬೇಕೆಂದು ಅರ್ಜಿ ಬರೆದುಕೊಟ್ಟೆ.

ಚಂದ್ರನ ಅಮಾವಾಸ್ಯೆ ನನಗೂ ಗೊತ್ತಿತ್ತು. ಜಕ್ಕಲಿಯ ಒಕ್ಕಲುಮನೆಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಶೆಡ್ಡಿನಲ್ಲಿ ರವಿವಾರವಲ್ಲದೆ ತಿಂಗಳಿಗೊಂದು 'ಅಮಾಸಿ ರಜಾ' ಇತ್ತು. ನೇಕಾರರು ಅಂದು ಮಗ್ಗ ಮುಟ್ಟುವುದಿಲ್ಲ. ಅದು ಯಾವತ್ತು ಎಂದು ತಿಳಿಯಲು ಯಾರೂ ಪಂಚಾಂಗ ಬಿಚ್ಚುತ್ತಿರಲಿಲ್ಲ. ಗೇಟಿನ ಬಳಿ ಕೂರುವ ಟೈಮ್‌ಕೀಪರ್ ಲಾಡಸಾಬ ಕಾಕಾನನ್ನು ಕೇಳುತ್ತಿದ್ದರು. ಕಾಕಾ ಕಣ್ಣು ಕಿರಿದು ಮಾಡಿ, "ಗುರುವಾರ" ಎನ್ನುತ್ತಿದ್ದರು. ಅಷ್ಟಕ್ಕೆ ನಲವತ್ತು ಮಗ್ಗ ನಿಲ್ಲುತ್ತಿದ್ದವು. ಇದೇನೋ ಆಫೀಸಿನ ರಜೆಗೆ ಇಟ್ಟ ಹೆಸರು, ದಿನ ಗೊತ್ತುಮಾಡುವವರು ಈ ಮುದುಕರು ಎಂದು ನಾನು ತಿಳಿದೆ. ಗುರುವಾರದ್ದನ್ನು ಶನಿವಾರಕ್ಕೆ ಹಾಕಿದರೆ ರವಿವಾರ ಸೇರಿಸಿ ಎರಡು ದಿನ ಊರಿಗೆ ಹೋಗಬಹುದಲ್ಲ ಎಂಬುದು ನನ್ನ ಲೆಕ್ಕ.

ಕಾಕಾ ನಗಲಿಲ್ಲ. "ಬಾಯ್ಮಾತಿಲೆ ಆಗೂದಿಲ್ಲ ತಮ್ಮಾ. ಅರ್ಜಿ ಬರದ ಕೊಡು, ನೋಡೂಣು" ಎಂದರು. ಬರೆದುಕೊಟ್ಟೆ, ವಿನಯಪೂರ್ವಕವಾಗಿ. ಅದು ಅವರ ಖೋಲಿಯ ಮೊಳೆಯಲ್ಲಿ ಹಳೆಯ ಕ್ಯಾಲೆಂಡರುಗಳ ಜೊತೆ ಈಗಲೂ ನೇತಾಡುತ್ತಿದೆ. ಹೊಸಬರು ಸೇರಿದಾಗಲೆಲ್ಲ ತೆಗೆದು ಓದಿಸುತ್ತಾರೆ.

ಆ ಖೋಲಿ ಎಂದರೆ ಒಂದು ಸ್ಟೂಲು, ಒಂದು ಮಡಕೆ, ಕಿಟಕಿಯಾಚೆ ಬೇವಿನ ಗಿಡಕ್ಕೆ ಕಟ್ಟಿದ ರೈಲ್ವೆ ಹಳಿಯ ತುಂಡು. ಇಪ್ಪತ್ತಾರು ವರ್ಷದಿಂದ ಕಾಕಾ ಆ ಹಳಿಯನ್ನೇ ಬಾರಿಸಿ ಶೆಡ್ಡನ್ನು ಎಬ್ಬಿಸಿ, ಉಣ್ಣಿಸಿ, ಮನೆಗೆ ಕಳಿಸಿದ್ದಾರೆ. ಕನ್ನಡಕದ ಒಂದು ಕಾಲು ದಾರದ್ದು. ತಂಬಾಕಿನ ಡಬ್ಬಿ ಮಾತ್ರ ಹೊಸ ಮದುಮಗಳಂತೆ ಹೊಳೆಯುತ್ತದೆ. ರಮಜಾನಿನ ಒಂದು ತಿಂಗಳು ಆ ಡಬ್ಬಿ ಹಗಲಲ್ಲಿ ತೆರೆಯುವುದಿಲ್ಲ. ಆ ತಿಂಗಳು ಅವರೆದುರು ಯಾರೂ ಜಾಸ್ತಿ ಮಾತಾಡುವುದೂ ಇಲ್ಲ. ತನ್ನ ದಿನದ ಲೆಕ್ಕ ಒಮ್ಮೆಯೂ ತಪ್ಪಿಲ್ಲ ಎಂಬುದು ಅವರ ಒಂದೇ ಜಂಬ. ಅದನ್ನು ವಾರಕ್ಕೆರಡು ಸಲ ಹೇಳುತ್ತಿದ್ದರು. ನಾವೂ ವಾರಕ್ಕೆರಡು ಸಲ ಹೌದ್ರಿ ಎನ್ನುತ್ತಿದ್ದೆವು.

ನಾನು ಬರುವ ಹೊತ್ತಿಗೆ ಗೇಟಿನಲ್ಲಿ ಕಾರ್ಡು ಉಜ್ಜುವ ಯಂತ್ರ ಬಂದಿತ್ತು. ಹಾಜರಿಯೆಲ್ಲ ನನ್ನ ಕಂಪ್ಯೂಟರಿಗೆ ಇಳಿಯುತ್ತಿತ್ತು. ಒಂದು ನವೆಂಬರಿನಲ್ಲಿ ಹುಬ್ಬಳ್ಳಿಯಿಂದ ಆ ಸಾಫ್ಟ್‌ವೇರಿನ ಹೊಸ ಆವೃತ್ತಿಯ ಸೀಡಿ ಬಂತು. ಹಾಕಿದೆ. ಅದು ಇಂಗ್ಲಿಷಿನಲ್ಲಿ ಒಂದರ ಹಿಂದೊಂದು ಪ್ರಶ್ನೆ ಕೇಳಿತು. ಇಂಗ್ಲಿಷಿನಲ್ಲಿ ಏನು ಕೇಳಿದರೂ 'ಎಸ್' ಅನ್ನುವುದು ನನ್ನ ಹಳೆಯ ರೂಢಿ; ಸಂದರ್ಶನದಲ್ಲೂ ಹಾಗೆಯೇ ಪಾಸಾದವನು. ಆ ಪ್ರಶ್ನೆಗಳಲ್ಲೊಂದು, ಹಳೆಯ ರಜಾಪಟ್ಟಿ ಅಳಿಸಲೇ ಎಂಬುದಾಗಿತ್ತು.

ಮರುದಿನ ತೆರೆದರೆ ಶನಿವಾರಗಳೆಲ್ಲ ರಜೆ, ಯಾವುದೋ ದೂರದೇಶದ ಹಬ್ಬಕ್ಕೆ ಒಂದು ಗುರುವಾರ ರಜೆ. ಅಮಾವಾಸ್ಯೆ ಒಂದೂ ಇಲ್ಲ, ರಮಜಾನ ಇಲ್ಲ. ಹೊಸ ಪಟ್ಟಿ ಹಿಂದಿನ ಒಂದು ವರ್ಷಕ್ಕೂ ಹರಡಿಕೊಂಡಿತ್ತು. ಅದರ ಪ್ರಕಾರ ನಾವು ಶನಿವಾರಗಳಂದು ಕರೆಯದೆ ಬಂದವರು, ಅಮಾವಾಸ್ಯೆಗಳಂದು ಹೇಳದೆ ಹೋದವರು.

ಉಳಿದವರಿಗೆ ಇದು ನಗುವ ಸಂಗತಿ. ಹೊಳೆವ್ವನಿಗೆ ಅಲ್ಲ. ಹೊಳೆವ್ವ ಸೂಡಿಯಿಂದ ಬಸ್ಸಿನಲ್ಲಿ ಬಂದು ನೂಲಿನ ಕಂಡಿಕೆ ಸುತ್ತುವವಳು. ಮೊದಲು ಊರಲ್ಲಿ ಕೂಲಿಗೆ ಹೋಗುತ್ತಿದ್ದಳು. ವರ್ಷದಲ್ಲಿ ನಾಲ್ಕು ತಿಂಗಳು ಕೆಲಸ, ಎಂಟು ತಿಂಗಳು ಆಕಾಶ. ನಮ್ಮ ಮಾಲೀಕರಾದ ಈಶಪ್ಪ ಸಾಹುಕಾರರದು ಒಂದು ನಿಯಮ: ಒಂದು ವರ್ಷ ಹೇಳದೆ ಒಂದು ದಿನವೂ ತಪ್ಪಿಸದವರು ಕಾಯಂ. ಒಂದು ದಿನ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಕೆ. ಹೊಳೆವ್ವನ ವರ್ಷ ಆ ಶನಿವಾರ ತುಂಬುತ್ತಿತ್ತು. ಪಟ್ಟಿ ಶನಿವಾರ ಮಧ್ಯಾಹ್ನ ಸಾಹುಕಾರರ ಮೇಜಿಗೆ ಹೋಗಬೇಕು.

ಆಕೆ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು. "ತಮ್ಮಾ, ನಿನ್ನ ಪೆಟಿಗ್ಯಾಗ ನಾ ಎಷ್ಟ ದಿನಾ ಸತ್ತೀನಿ?"

ಪೆಟ್ಟಿಗೆಯ ಪ್ರಕಾರ ಹದಿಮೂರಕ್ಕೂ ಹೆಚ್ಚು ದಿನ. ಸರಿ ಮಾಡುತ್ತೇನೆ ಎಂದೆ.

ಹುಬ್ಬಳ್ಳಿಗೆ ಫೋನು ಮಾಡಿದರೆ ಅಲ್ಲಿಯ ಹುಡುಗಿ, ಹಳೆಯ ಪಟ್ಟಿ ಇನ್ನು ಬರುವುದಿಲ್ಲ, ಕೈಯಿಂದ ತುಂಬಿ ಎಂದಳು. ಆಮೇಲೆ, ಈ ಅಮಾವಾಸ್ಯೆ ಎಂಬುದು ಒಂದೇ ತಾರೀಖಿಗೆ ಬರುವ ರಜೆಯೋ, ಸರಿಯುವ ರಜೆಯೋ ಎಂದು ಕೇಳಿದಳು. ಈ ವಿಷಯದಲ್ಲಿ ಅರ್ಜಿ ಹಾಕಿ ಅನುಭವವಿದ್ದ ನಾನು, ಸರಿಯುತ್ತದೆ, ಆದರೆ ನಾವು ಹೇಳಿದ ಕಡೆಗಲ್ಲ ಎಂದೆ.

ಶನಿವಾರಗಳನ್ನು ಬಿಡಿಸಿದೆ. ಗೋಡೆಯ ಕ್ಯಾಲೆಂಡರು ನೋಡಿ ಅಮಾವಾಸ್ಯೆಗಳನ್ನೂ ಕೆಂಪು ಅಚ್ಚಿನ ಹಬ್ಬಗಳನ್ನೂ ತುಂಬಿದೆ. ಹೊಳೆವ್ವನ ಗೈರುಹಾಜರಿ ಮೂರಕ್ಕಿಳಿದು ಅಲ್ಲೇ ಕೂತಿತು. ಶುಕ್ರವಾರ ಸಂಜೆಯವರೆಗೆ ಕುಸ್ತಿ ಹಿಡಿದೆ. ಕೊನೆಗೆ ಯಂತ್ರದ ಮುಖವನ್ನೂ ನೋಡದಿದ್ದ ಕಾಕಾ ಬಂದು ನನ್ನ ಹಿಂದೆ ನಿಂತರು. ಆ ಮೂರರಲ್ಲಿ ಒಂದು ದಿನ ತೋರಿಸಿ, ಅವತ್ತು ಶೆಡ್ಡಿನಲ್ಲಿ ಬೇರೆ ಯಾರಿದ್ದರು ನೋಡು ಎಂದರು. ನೋಡಿದೆ. ಅರವತ್ತೆರಡು ಜನರಲ್ಲಿ ಒಬ್ಬರೂ ಇರಲಿಲ್ಲ.

"ನೀ ಇದ್ದೇನು?"

ಇಲ್ಲ. ನಾನೂ ಗೈರು.

"ಅಂದ್ರ ಎಲ್ಲಾರೂ ಕೂಡೇ ಓಡಿಹೋಗಿದ್ವೇನಪಾ?"

ಮೂರು ದಿನದಿಂದ ಒಬ್ಬ ಹೆಂಗಸಿನ ಸಾಲನ್ನೇ ದಿಟ್ಟಿಸುತ್ತಿದ್ದ ನನಗೆ ಪಕ್ಕದ ಸಾಲು ನೋಡಬೇಕೆಂದು ಹೊಳೆದಿರಲಿಲ್ಲ. ಡಿಪ್ಲೊಮಾದಲ್ಲಿ ಅದನ್ನು ಕಲಿಸಿರಲಿಲ್ಲ ಎಂದು ಹೇಳಿಕೊಂಡೆ.

ಕಾಕಾ ತಮ್ಮ ಮೊಳೆಯಿಂದ ಕ್ಯಾಲೆಂಡರು ತಂದು ಹಾಸಿದರು. ಅದರ ಮೇಲೆಲ್ಲ ಸುಣ್ಣದ ಚುಕ್ಕೆ. ತಂಬಾಕು ತಿಕ್ಕುವಾಗ ಸಿಡಿಸಿದ್ದು ಎಂದೇ ನಾನು ಇಷ್ಟು ದಿನ ಎಣಿಸಿದ್ದೆ. ಅವು ರಜೆಯ ಗುರುತು. ಅಮಾವಾಸ್ಯೆ ಎರಡು ದಿನಕ್ಕೆ ಚಾಚಿದಾಗ ಕ್ಯಾಲೆಂಡರಿನವರು ಮೊದಲ ದಿನ ಅಚ್ಚು ಹಾಕುತ್ತಾರೆ. ನಮ್ಮ ಶೆಡ್ಡಿನಲ್ಲಿ ಹಾಗಲ್ಲ. "ಅಮಾಸಿ ನಸುಕಿನ್ಯಾಗ ಹತ್ತಿದ್ರ ಅವತ್ತ ರಜಾ. ಮಧ್ಯಾನ್ನ ಹತ್ತಿದ್ರ ಮರುದಿನ. ಅರ್ಧಾ ದಿನಾ ಮಗ್ಗ ನಿಂದರಸಾಕ ಬರೂದಿಲ್ಲಲ್ಲ" ಎಂದರು. ಹಾಗಾದರೆ ದಿನ ಗೊತ್ತುಮಾಡುವವರು ಕಾಕಾ ಎಂಬ ನನ್ನ ಮೊದಲಿನ ತಿಳಿವಳಿಕೆ ಪೂರಾ ಸುಳ್ಳಲ್ಲ. ಇದನ್ನು ಹೇಳಿದೆ. ಅರ್ಜಿ ಮಾತ್ರ ತಡವಾಗಿ ಬಂತು ಎಂದರು.

ಚುಕ್ಕೆಯ ಪ್ರಕಾರ ತುಂಬಿದಾಗ ಮೂರೂ ಗೈರು ಕರಗಿದವು. ಆದರೆ ನಾನು ರಜೆಯೆಂದು ತುಂಬಿದ್ದ ಒಂದು ದಿನ ಹೊಸ ಗೈರಾಗಿ ಎದ್ದಿತು. ಅವತ್ತು ಅರವತ್ತೊಂದು ಜನ ಬಂದಿದ್ದರು. ಹೊಳೆವ್ವ ಒಬ್ಬಳೇ ಇಲ್ಲ. ಅದು ಕ್ಯಾಲೆಂಡರಿನಲ್ಲಿ ಕೆಂಪಾಗಿದ್ದ ರಮಜಾನ ಹಬ್ಬದ ದಿನ. ಸುಣ್ಣದ ಚುಕ್ಕೆ ಅದರ ಮರುದಿನದ ಮೇಲಿತ್ತು. ಆ ಸಲ ಹಿಂದಿನ ಸಂಜೆ ಚಂದ್ರ ಕಾಣದೆ ಹಬ್ಬ ಒಂದು ದಿನ ಸರಿದಿತ್ತು. ಕಾಕಾ ಆ ದಿನವನ್ನು ನೋಡಿದರು, ಕನ್ನಡಕ ತೆಗೆದು ಒರೆಸಿದರು, ಹಳಿ ಬಾರಿಸಲು ಹೋದರು. ಆರು ಗಂಟೆಗೆ ಇನ್ನೂ ಐದು ನಿಮಿಷವಿತ್ತು.

ಶನಿವಾರ ಮಧ್ಯಾಹ್ನ ಸಾಹುಕಾರರು ನಮ್ಮ ಮೂವರನ್ನೂ ಒಳಗೆ ಕರೆದರು. ಹೊಳೆವ್ವ ಮುಚ್ಚಿಡಲಿಲ್ಲ. ಮನೆಯ ಕ್ಯಾಲೆಂಡರು ಕೆಂಪಿತ್ತು, ದಿನ ಸರಿದದ್ದು ಯಾರೂ ತಿಳಿಸಲಿಲ್ಲ, ಹೀಗಾಗಿ ಬರಲಿಲ್ಲ ಎಂದಳು. ಮರುದಿನ ಮೊದಲ ಬಸ್ಸಿಗೆ ಬಂದರೆ ಗೇಟಿಗೆ ಬೀಗ. ಕಾಕಾನೇ ಮನೆಗೆ ಕರೆದೊಯ್ದು ಹಬ್ಬದ ಶಾವಿಗೆ ಪಾಯಸ ಸುರಕುಂಬಾವನ್ನು ಎರಡು ವಾಟಿ ಕುಡಿಸಿ ಕಳಿಸಿದರಂತೆ. ಅದು ಭಾಳ ಚಲೋ ಆಗಿತ್ತು ಎಂಬುದನ್ನೂ ಸೇರಿಸಿದಳು.

ಸಾಹುಕಾರರು ಪೆನ್ನು ಕೆಳಗಿಟ್ಟರು. ದಿನ ಸರಿದಾಗಲೆಲ್ಲ ಲಾಡಸಾಬ ಸೂಡಿ ಬಸ್ಸಿನ ಕಂಡಕ್ಟರ್ ಯಮನೂರಪ್ಪನ ಕೈಯಲ್ಲಿ ಹೇಳಿಕಳಿಸುವ ಪದ್ಧತಿ ಅವರಿಗೂ ಗೊತ್ತಿತ್ತು. ಕೇಳಿಯೂ ಬರದಿದ್ದರೆ ಆಕೆಯದು ಇನ್ನೊಂದು ವರ್ಷ, ಶೆಡ್ಡಿನ ತಪ್ಪಾದರೆ ಇವತ್ತೇ ಕಾಯಂ ಎಂದರು. ನಾನು ಇದೂ ಯಂತ್ರದ್ದೇ ತಪ್ಪು ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ಲಾಡಸಾಬ, ಇಪ್ಪತ್ತಾರು ವರ್ಷ ಒಮ್ಮಿನೂ ತಪ್ಪಿಲ್ಲಂತ ಹೇಳ್ಕೋತ ಬಂದೀದಿ. ಈಗ ಹೇಳು, ಅವತ್ತ ಬಸ್ಸಿಗೆ ಹೇಳಿ ಕಳಿಸಿದ್ದೋ ಇಲ್ಲೋ?"

ಕಾಕಾ ಹೊಳೆವ್ವನನ್ನು ನೋಡಿದರು.

"ಇಲ್ರಿ. ಮೊಮ್ಮಗಳಿಗೆ ಬಳಿ ಇಡಸಾಕ ಹೋಗಿದ್ದೆ, ಮರತೆ. ಆ ಗೈರು ನನ್ನ ಹೆಸರಿಗೆ ಬರಕೋರಿ."